ಬಣ್ಣದ ದಪ್ಪ: ಕಣ್ಣಿಗೆ ಕಾಣದ ಅಳತೆ

ಬಣ್ಣ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಂದ. ಹಬ್ಬಕ್ಕೋ ಮದುವೆಗೋ ಮನೆಗೆ ಬಣ್ಣ ಬಳಿಸುವಾಗ ನಾವು ಕೇಳುವ ಪ್ರಶ್ನೆ ಒಂದೇ: "ಯಾವ ಬಣ್ಣ ಚೆನ್ನಾಗಿ ಕಾಣುತ್ತದೆ?" ಆದರೆ ಸೇತುವೆ, ಹಡಗು, ತೈಲ ಟ್ಯಾಂಕ್, ಪೈಪ್‌ಲೈನ್, ಕಾರ್ಖಾನೆಯ ಉಕ್ಕಿನ ಕಂಬ ಇವುಗಳಿಗೆ ಬಣ್ಣ ಬಳಿಯುವ ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆ ಬೇರೆ. ಅವರು ಕೇಳುವುದು, "ಎಷ್ಟು ಮೈಕ್ರಾನ್?" ಎಂದು.

ಕೈಗಾರಿಕೆಯಲ್ಲಿ ಬಣ್ಣದ ಮುಖ್ಯ ಕೆಲಸ ರಕ್ಷಣೆ. ಅಂದ ಆಮೇಲಿನ ಮಾತು. ಆ ರಕ್ಷಣೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಣ್ಣದ ಗುಣಮಟ್ಟ, ಮೇಲ್ಮೈಯನ್ನು ಸಿದ್ಧಪಡಿಸಿದ ರೀತಿ ಮತ್ತು ಒಣಗಿದ ಲೇಪನದ ದಪ್ಪ, ಈ ಮೂರನ್ನು ಅವಲಂಬಿಸಿದೆ. ಇವುಗಳಲ್ಲಿ ದಪ್ಪವನ್ನು ಬರಿಗಣ್ಣಿನಿಂದ ತಿಳಿಯಲು ಸಾಧ್ಯವೇ ಇಲ್ಲ. 200 ಮೈಕ್ರಾನ್ ಬಳಿದ ಉಕ್ಕಿನ ಹಲಗೆಯೂ 320 ಮೈಕ್ರಾನ್ ಬಳಿದ ಹಲಗೆಯೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಕೆಲವು ವರ್ಷಗಳ ನಂತರ, ಒಂದು ತುಕ್ಕು ಹಿಡಿದಾಗ.

ಈ ಲೇಖನದಲ್ಲಿ ಬಣ್ಣದ ದಪ್ಪ ಏಕೆ ಮುಖ್ಯ, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ, ಹೇಗೆ ಅಳೆಯುತ್ತಾರೆ ಎಂಬುದನ್ನು ನೋಡೋಣ. ನೀವು ಪಿಯುಸಿಯಲ್ಲಿ ಓದುವ ಭೌತಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೈಕ್ರಾನ್ ಎಂದರೆ ಎಷ್ಟು?

ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರಾನ್. ಪುಸ್ತಕದಲ್ಲಿ ಇದನ್ನು ಮೈಕ್ರೋಮೀಟರ್ ಎನ್ನುತ್ತಾರೆ. ಕೆಲಸದ ಜಾಗದಲ್ಲಿ ಎಲ್ಲರೂ ಹೇಳುವುದು ಮೈಕ್ರಾನ್ ಎಂದೇ.

ಇದರ ಅಂದಾಜು ಸಿಗಬೇಕಾದರೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಕಾಗದದ ಒಂದು ಕಟ್ಟನ್ನು ನೋಡಿ. 500 ಹಾಳೆಗಳ ಕಟ್ಟು ಸುಮಾರು 5 ಸೆಂಟಿಮೀಟರ್ ದಪ್ಪ ಇರುತ್ತದೆ. ಅಂದರೆ 50 ಮಿಲಿಮೀಟರನ್ನು 500ರಿಂದ ಭಾಗಿಸಿದರೆ ಒಂದು ಹಾಳೆಗೆ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ನಿಮ್ಮ ಲ್ಯಾಬಿನ ಸ್ಕ್ರೂ ಗೇಜ್‌ನ ಕನಿಷ್ಠ ಅಳತೆ 0.01 ಮಿಲಿಮೀಟರ್, ಅಂದರೆ 10 ಮೈಕ್ರಾನ್. ಹಾಗಾಗಿ ಇದನ್ನು ನೀವೇ ಪರೀಕ್ಷಿಸಿ ನೋಡಬಹುದು.

ಈಗ ಯೋಚಿಸಿ. ಹಡಗಿನ ಒಳಗಿನ ಉಪ್ಪುನೀರಿನ ಟ್ಯಾಂಕನ್ನು ಹದಿನೈದು ವರ್ಷ ಕಾಯಬೇಕಾದ ಬಣ್ಣದ ದಪ್ಪ 320 ಮೈಕ್ರಾನ್. ಅಂದರೆ ಮೂರು ಹಾಳೆ ಕಾಗದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ! ಇಷ್ಟು ತೆಳುವಾದ ಪದರದಲ್ಲಿ ಒಂದು ಹಾಳೆಯಷ್ಟು ಕಡಿಮೆಯಾದರೂ ಸುಮಾರು ಮೂರನೆಯ ಒಂದು ಭಾಗದ ರಕ್ಷಣೆಯ ಪದರವೇ ಇಲ್ಲವಾದಂತೆ.

ಬಣ್ಣ ತುಕ್ಕನ್ನು ತಡೆಯುವುದು ಹೇಗೆ?

ತುಕ್ಕು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಕಬ್ಬಿಣದ ಮೇಲ್ಮೈಯ ಒಂದು ಭಾಗ ಆನೋಡ್ ಆಗಿ ಅಲ್ಲಿನ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಇನ್ನೊಂದು ಭಾಗ ಕ್ಯಾಥೋಡ್ ಆಗಿ, ಅಲ್ಲಿ ಆಮ್ಲಜನಕ ಮತ್ತು ನೀರು ಆ ಎಲೆಕ್ಟ್ರಾನ್‌ಗಳನ್ನು ಪಡೆಯುತ್ತವೆ. ಇವೆರಡರ ನಡುವೆ ಅಯಾನುಗಳು ಓಡಾಡಲು ನೀರು ಬೇಕು. ಆ ನೀರಿನಲ್ಲಿ ಉಪ್ಪು ಕರಗಿದ್ದರೆ ಓಡಾಟ ಇನ್ನೂ ಸುಲಭ. ಕಡಲ ತಡಿಯಲ್ಲಿರುವ ನಮ್ಮ ಊರುಗಳಲ್ಲಿ ಕಿಟಕಿಯ ಸರಳು, ಗೇಟು, ಸೈಕಲ್ ಇವು ಒಳನಾಡಿನವಕ್ಕಿಂತ ಬೇಗ ತುಕ್ಕು ಹಿಡಿಯುವುದು ಈ ಕಾರಣಕ್ಕೇ.

ಬಣ್ಣ ಮೂರು ರೀತಿಯಲ್ಲಿ ಈ ಕ್ರಿಯೆಯನ್ನು ತಡೆಯುತ್ತದೆ.

ಮೊದಲನೆಯದು, ತಡೆಗೋಡೆಯಾಗಿ. ಎಪಾಕ್ಸಿಯಂಥ ಬಣ್ಣಗಳು ನೀರು, ಆಮ್ಲಜನಕ, ಉಪ್ಪಿನ ಅಯಾನುಗಳು ಉಕ್ಕನ್ನು ತಲುಪುವುದನ್ನು ನಿಧಾನಗೊಳಿಸುತ್ತವೆ.

ಎರಡನೆಯದು, ರಾಸಾಯನಿಕವಾಗಿ. ಜಿಂಕ್ ಫಾಸ್ಫೇಟ್‌ನಂಥ ವಸ್ತುಗಳನ್ನು ಬೆರೆಸಿದ ಪ್ರೈಮರ್‌ಗಳು ಉಕ್ಕಿನ ಮೇಲ್ಮೈಯಲ್ಲಿ ತುಕ್ಕಿನ ಕ್ರಿಯೆಯನ್ನು ಮಂದಗೊಳಿಸುತ್ತವೆ.

ಮೂರನೆಯದು, ತ್ಯಾಗದ ಮೂಲಕ. ಸತುವಿನ ಪುಡಿ ತುಂಬಿದ ಪ್ರೈಮರ್‌ನಲ್ಲಿ ಸತುವು ಆನೋಡ್ ಆಗಿ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ವಿದ್ಯುತ್ ರಾಸಾಯನಿಕ ಶ್ರೇಣಿಯಲ್ಲಿ ಸತುವು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ ಎಂಬುದನ್ನು ನೆನಪಿಸಿಕೊಳ್ಳಿ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಯಾವ ಬಣ್ಣವೂ ಸಂಪೂರ್ಣವಾಗಿ ನೀರು ನುಗ್ಗದಂಥದ್ದಲ್ಲ. ನೀರಿನ ಅಣುಗಳು ಬಣ್ಣದ ಪದರದ ಮೂಲಕ ನಿಧಾನವಾಗಿ ವಿಸರಣೆಗೊಳ್ಳುತ್ತಲೇ ಇರುತ್ತವೆ. ಫಿಕ್‌ನ ನಿಯಮದ ಪ್ರಕಾರ, ಆದರ್ಶ ಸ್ಥಿತಿಯಲ್ಲಿ, ಪದರದ ದಪ್ಪ ಎರಡು ಪಟ್ಟಾದರೆ ಹಾದುಹೋಗುವ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆದರೆ ಮೊದಲ ಬಾರಿಗೆ ಅದು ಉಕ್ಕನ್ನು ತಲುಪಲು ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿ: ದಪ್ಪ ಅರ್ಧವಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. "ಸ್ವಲ್ಪ ತೆಳುವಾದರೆ ಏನಂತೆ?" ಎನ್ನುವವರಿಗೆ ಇದೇ ಉತ್ತರ.

ದಪ್ಪ ಕಡಿಮೆಯಾದರೆ

ಬಣ್ಣ ಬಳಿಯುವ ಮೊದಲು ಉಕ್ಕಿನ ಮೇಲೆ ಒತ್ತಡದಲ್ಲಿ ಗ್ರಿಟ್ ಅಥವಾ ಉಕ್ಕಿನ ಕಾಳುಗಳನ್ನು ಹಾಯಿಸಿ ಹಳೆಯ ತುಕ್ಕನ್ನು ತೆಗೆಯುತ್ತಾರೆ. ಇದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಇದರಿಂದ ಮೇಲ್ಮೈ ನುಣುಪಾಗಿ ಉಳಿಯದೆ, ಸೂಕ್ಷ್ಮವಾದ ಬೆಟ್ಟ-ಕಣಿವೆಗಳಂತೆ ಒರಟಾಗುತ್ತದೆ. ಬಣ್ಣ ಗಟ್ಟಿಯಾಗಿ ಹಿಡಿದುಕೊಳ್ಳಲು ಈ ಒರಟುತನ ಬೇಕು. ಆದರೆ ಆ ಬೆಟ್ಟಗಳ ಎತ್ತರ 60 ಮೈಕ್ರಾನ್ ಇದ್ದು, ನಾವು ಬಳಿದ ಪ್ರೈಮರ್ ತೀರಾ ತೆಳುವಾಗಿದ್ದರೆ ಏನಾಗುತ್ತದೆ? ಕಣಿವೆಗಳು ತುಂಬುತ್ತವೆ, ಶಿಖರಗಳು ಬಣ್ಣದಿಂದ ಹೊರಗೆ ಇಣುಕುತ್ತವೆ. ಕೆಲವೇ ದಿನಗಳಲ್ಲಿ ಸೂಜಿಮೊನೆಯಷ್ಟು ಚಿಕ್ಕ ಚಿಕ್ಕ ತುಕ್ಕಿನ ಚುಕ್ಕೆಗಳು ಮೇಲ್ಮೈಯ ತುಂಬ ಕಾಣಿಸಿಕೊಳ್ಳುತ್ತವೆ.

ಇನ್ನೊಂದು ದುರ್ಬಲ ಜಾಗ ಅಂಚುಗಳು. ಉಕ್ಕಿನ ತಗಡಿನ ಚೂಪು ಅಂಚಿಗೆ ಬಣ್ಣ ಬಳಿದರೆ ಮೇಲ್ಮೈ ಎಳೆತದಿಂದಾಗಿ ಹಸಿ ಬಣ್ಣ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಸಮತಟ್ಟಾದ ಜಾಗದಲ್ಲಿ ಸರಿಯಾದ ದಪ್ಪ ಇದ್ದರೂ ಅಂಚಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಗೇಟು, ಗ್ರಿಲ್, ಲಾರಿಯ ಬಾಡಿ, ಯಾವುದನ್ನೇ ನೋಡಿ, ತುಕ್ಕು ಮೊದಲು ಶುರುವಾಗುವುದು ಅಂಚು, ಬೋಲ್ಟು ಮತ್ತು ವೆಲ್ಡಿಂಗ್ ಜಾಗದಲ್ಲೇ. ಇದಕ್ಕೆ ಪರಿಹಾರ ಎರಡು. ಒಂದು, ಅಂಚನ್ನು ಗ್ರೈಂಡ್ ಮಾಡಿ ದುಂಡಾಗಿಸುವುದು. ಇನ್ನೊಂದು, ಸ್ಪ್ರೇ ಮಾಡುವ ಮೊದಲು ಅಂಚು ಮತ್ತು ವೆಲ್ಡ್‌ಗಳಿಗೆ ಬ್ರಷ್‌ನಿಂದ ಪ್ರತ್ಯೇಕವಾಗಿ ಒಂದು ಕೈ ಬಳಿಯುವುದು. ಇದಕ್ಕೆ ಸ್ಟ್ರೈಪ್ ಕೋಟ್ ಎಂದು ಹೆಸರು.

ತುಂಬಿದ ಕೊಡ ಖಾಲಿಯಾಗಲು ಒಂದೇ ತೂತು ಸಾಕು. ಲೇಪನದ ಆಯುಷ್ಯವನ್ನು ನಿರ್ಧರಿಸುವುದು ಅದರ ದಪ್ಪನೆಯ ಭಾಗವಲ್ಲ, ಅತ್ಯಂತ ತೆಳುವಾದ ಭಾಗ.

ದಪ್ಪ ಹೆಚ್ಚಾದರೆ

"ಹಾಗಾದರೆ ಧಾರಾಳವಾಗಿ ಬಳಿದುಬಿಡೋಣ" ಎಂದು ಅನ್ನಿಸಬಹುದು. ಅದೂ ತಪ್ಪು.

ದ್ರಾವಕ ಇರುವ ಬಣ್ಣ ಒಣಗುವಾಗ ದ್ರಾವಕ ಆವಿಯಾಗಿ ಹೊರಹೋಗಬೇಕು. ಪದರ ತುಂಬಾ ದಪ್ಪವಾದರೆ ಮೇಲ್ಭಾಗ ಮೊದಲು ಗಟ್ಟಿಯಾಗಿ ಕೆನೆಕಟ್ಟುತ್ತದೆ, ಒಳಗಿನ ದ್ರಾವಕ ಅಲ್ಲೇ ಸಿಕ್ಕಿಬೀಳುತ್ತದೆ. ಮುಂದೆ ಅದೇ ಗುಳ್ಳೆಗಳಿಗೆ, ಮೆದುವಾದ ಪದರಕ್ಕೆ ಕಾರಣವಾಗುತ್ತದೆ.

ಗೋಡೆಯಂಥ ನೇರ ಮೇಲ್ಮೈಯಲ್ಲಿ ದಪ್ಪವಾದ ಹಸಿ ಬಣ್ಣ ತನ್ನದೇ ಭಾರಕ್ಕೆ ಕೆಳಗೆ ಜಾರಿ ಸೋರುತ್ತದೆ. ಕೆಳಗೆ ಗಂಟು, ಮೇಲೆ ತೆಳು, ಎರಡೂ ಕೆಟ್ಟದ್ದೇ.

ಬಣ್ಣ ಗಟ್ಟಿಯಾಗುವಾಗ ಕುಗ್ಗುತ್ತದೆ. ದಪ್ಪ ಹೆಚ್ಚಾದಷ್ಟೂ ಒಳಗಿನ ಎಳೆತ ಹೆಚ್ಚು. ಆ ಎಳೆತ ಬಣ್ಣದ ಹಿಡಿತಕ್ಕಿಂತ ಹೆಚ್ಚಾದರೆ ಪದರ ಬಿರುಕು ಬಿಡುತ್ತದೆ ಅಥವಾ ಸಿಪ್ಪೆಯಂತೆ ಏಳುತ್ತದೆ. ಜಿಂಕ್ ಸಿಲಿಕೇಟ್ ಪ್ರೈಮರ್‌ನಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ತಯಾರಕರು ಹೇಳಿದ ಮಿತಿಯನ್ನು ಮೀರಿ ಬಳಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರಿನಂತೆ ಅದು ಬಿರಿಯುತ್ತದೆ. ಪೇಂಟರ್‌ಗಳು ಇದನ್ನು ಮಡ್ ಕ್ರ್ಯಾಕಿಂಗ್ ಎಂದೇ ಕರೆಯುತ್ತಾರೆ.

ಪಾಲಿಯುರಿಥೇನ್ ಬಣ್ಣಗಳಲ್ಲಿ ಇನ್ನೊಂದು ತೊಂದರೆ. ಅದರಲ್ಲಿರುವ ಐಸೋಸಯನೇಟ್ ನೀರಿನ ಅಂಶದೊಂದಿಗೆ ವರ್ತಿಸಿದರೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ತೆಳು ಪದರದಿಂದ ಅನಿಲ ಹೊರಟುಹೋಗುತ್ತದೆ. ದಪ್ಪ ಪದರದಲ್ಲಿ ಅದು ಗುಳ್ಳೆಯಾಗಿ ಉಳಿಯುತ್ತದೆ.

ಹಾಗಾಗಿ ಪ್ರತಿಯೊಂದು ಬಣ್ಣಕ್ಕೂ ಒಂದು ಕನಿಷ್ಠ ಮತ್ತು ಒಂದು ಗರಿಷ್ಠ ದಪ್ಪ ಇರುತ್ತದೆ. ಒಳ್ಳೆಯ ಕೆಲಸ ಎಂದರೆ ಈ ಎರಡರ ನಡುವೆ, ಎಲ್ಲ ಕಡೆ ಸಮನಾಗಿ ಬಳಿಯುವುದು.

ಒಂದು ಉದಾಹರಣೆ: ಹಡಗಿನ ಬ್ಯಾಲಾಸ್ಟ್ ಟ್ಯಾಂಕ್

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸರಕು ಇಳಿಸಿದ ಹಡಗು ಹಗುರಾಗಿ ಅಲೆಗಳಿಗೆ ಅಸ್ಥಿರವಾಗುತ್ತದೆ. ಆಗ ಸಮತೋಲನಕ್ಕಾಗಿ ಅದರ ಒಡಲಿನ ವಿಶೇಷ ಟ್ಯಾಂಕ್‌ಗಳಿಗೆ ಸಮುದ್ರದ ನೀರನ್ನು ತುಂಬುತ್ತಾರೆ. ಸರಕು ತುಂಬಿಸುವಾಗ ಆ ನೀರನ್ನು ಖಾಲಿ ಮಾಡುತ್ತಾರೆ. ಇವೇ ಬ್ಯಾಲಾಸ್ಟ್ ಟ್ಯಾಂಕ್‌ಗಳು. ಒಮ್ಮೆ ಉಪ್ಪುನೀರು, ಒಮ್ಮೆ ತೇವದ ಗಾಳಿ, ಸದಾ ಕತ್ತಲೆ, ಇಕ್ಕಟ್ಟಾದ ಮೂಲೆಗಳು. ತುಕ್ಕಿಗೆ ಇದಕ್ಕಿಂತ ಅನುಕೂಲವಾದ ಜಾಗ ಬೇರೆ ಬೇಕಿಲ್ಲ.

ಅಂಥ ಜಾಗದ ಉಕ್ಕು ಸವೆದರೆ ಏನಾಗಬಹುದು ಎಂಬುದಕ್ಕೆ 'ಎರಿಕಾ' ಎಂಬ ತೈಲ ಹಡಗಿನ ದುರಂತವನ್ನು ನೆನಪಿಸಿಕೊಳ್ಳಬಹುದು. 1975ರಲ್ಲಿ ಕಟ್ಟಲಾದ ಈ ಹಡಗು 1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ಬಿರುಗಾಳಿಯಲ್ಲಿ ಎರಡು ತುಂಡಾಗಿ ಮುಳುಗಿತು. ಅದರಲ್ಲಿದ್ದ 26 ಮಂದಿ ನಾವಿಕರು ಭಾರತೀಯರು. ಅವರೆಲ್ಲರನ್ನೂ ಹೆಲಿಕಾಪ್ಟರ್ ಮೂಲಕ ಪಾರು ಮಾಡಲಾಯಿತು. ಆದರೆ ಸುಮಾರು 20,000 ಟನ್ ಭಾರ ಇಂಧನ ತೈಲ ಸಮುದ್ರಕ್ಕೆ ಸೇರಿತು. ನೂರಾರು ಕಿಲೋಮೀಟರ್ ಕರಾವಳಿ ಕಪ್ಪಾಯಿತು, ಸಾವಿರಾರು ಕಡಲಹಕ್ಕಿಗಳು ಸತ್ತವು. ಹಡಗಿನ ಒಳರಚನೆಯ ಉಕ್ಕನ್ನು ತುಕ್ಕು ತಿಂದಿದ್ದುದು ಈ ದುರಂತದ ಪ್ರಮುಖ ಕಾರಣಗಳಲ್ಲಿ ಒಂದು ಎಂದು ತನಿಖೆಯಿಂದ ಹೊರಬಂತು.

ಬ್ಯಾಲಾಸ್ಟ್ ಟ್ಯಾಂಕಿನ ಬಣ್ಣದ ವಿಷಯವನ್ನು ಆಯಾ ಹಡಗು ಕಟ್ಟುವವರ ಇಷ್ಟಕ್ಕೇ ಬಿಟ್ಟಿರಲು ಇಂದು ಅವಕಾಶವಿಲ್ಲ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಸಮುದ್ರದ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕ್‌ಗಳ ಲೇಪನಕ್ಕೆ ಒಂದು ಕಡ್ಡಾಯ ಮಾನದಂಡವನ್ನು ಅಂಗೀಕರಿಸಿತು. 2008ರ ಜುಲೈ 1ರಿಂದ ಒಪ್ಪಂದವಾದ ಹೊಸ ಹಡಗುಗಳಿಗೆ ಅದು ಅನ್ವಯಿಸುತ್ತದೆ. ಲೇಪನ 15 ವರ್ಷ ಒಳ್ಳೆಯ ಸ್ಥಿತಿಯಲ್ಲಿರಬೇಕು ಎಂಬುದು ಅದರ ಗುರಿ. ಅದರ ಮುಖ್ಯ ಅಂಶಗಳು ಹೀಗಿವೆ:

• ಎಪಾಕ್ಸಿ ಲೇಪನದ ಒಣ ದಪ್ಪ 320 ಮೈಕ್ರಾನ್ ಇರಬೇಕು.
• ಅಳೆದ ಬಿಂದುಗಳಲ್ಲಿ ಶೇ. 90ರಷ್ಟು 320 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಉಳಿದ ಶೇ. 10ರಲ್ಲಿ ಯಾವುದೂ 320ರ ಶೇ. 90ಕ್ಕಿಂತ, ಅಂದರೆ 288 ಮೈಕ್ರಾನ್‌ಗಿಂತ, ಕೆಳಗಿರಬಾರದು. ಇದಕ್ಕೆ 90/10 ನಿಯಮ ಎನ್ನುತ್ತಾರೆ.
• ಅಂಚುಗಳನ್ನು ಕನಿಷ್ಠ 2 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಾಗಿಸಬೇಕು, ಇಲ್ಲವೇ ಮೂರು ಬಾರಿ ಗ್ರೈಂಡ್ ಮಾಡಬೇಕು.
• ಅಂಚು ಮತ್ತು ವೆಲ್ಡ್‌ಗಳಿಗೆ ಸ್ಟ್ರೈಪ್ ಕೋಟ್ ಇರಬೇಕು.
• ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ಕ್ಕಿಂತ ಹೆಚ್ಚಿದ್ದಾಗ, ಅಥವಾ ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿಲ್ಲದಾಗ ಬಣ್ಣ ಬಳಿಯಬಾರದು.

ಗಮನಿಸಿ, ಇಲ್ಲಿ "ಚೆನ್ನಾಗಿ ಬಣ್ಣ ಬಳಿಯಿರಿ" ಎಂಬ ಮಾತೇ ಇಲ್ಲ. ಎಲ್ಲವೂ ಅಳೆದು ನೋಡಬಹುದಾದ ಸಂಖ್ಯೆಗಳು.

ಹಸಿ ದಪ್ಪ, ಒಣ ದಪ್ಪ: ಒಂದು ಲೆಕ್ಕ

ಡಬ್ಬಿಯಲ್ಲಿರುವ ಬಣ್ಣವೆಲ್ಲ ಉಕ್ಕಿನ ಮೇಲೆ ಉಳಿಯುವುದಿಲ್ಲ. ದ್ರಾವಕ ಆರಿಹೋಗುತ್ತದೆ, ಗಟ್ಟಿ ಅಂಶ ಮಾತ್ರ ಉಳಿಯುತ್ತದೆ. ಬಣ್ಣದ ಒಟ್ಟು ಗಾತ್ರದಲ್ಲಿ ಗಟ್ಟಿ ಅಂಶ ಶೇಕಡಾ ಎಷ್ಟು ಎಂಬುದನ್ನು ತಯಾರಕರು ಮಾಹಿತಿ ಪತ್ರದಲ್ಲಿ ಮುದ್ರಿಸಿರುತ್ತಾರೆ. ಇದರಿಂದ ಎರಡು ಸರಳ ಸೂತ್ರಗಳು ಸಿಗುತ್ತವೆ.

ಒಣ ದಪ್ಪ = ಹಸಿ ದಪ್ಪ × ಗಟ್ಟಿ ಅಂಶದ ಶೇಕಡಾ ÷ 100

ಒಂದು ಲೀಟರಿಗೆ ಬಳಿಯಬಹುದಾದ ಚದರ ಮೀಟರ್ = ಗಟ್ಟಿ ಅಂಶದ ಶೇಕಡಾ × 10 ÷ ಒಣ ದಪ್ಪ (ಮೈಕ್ರಾನ್‌ನಲ್ಲಿ)

ಎರಡನೆಯ ಸೂತ್ರ ಎಲ್ಲಿಂದ ಬಂತು? ಒಂದು ಲೀಟರ್ ಎಂದರೆ ಒಂದು ಘನ ಮೀಟರಿನ ಸಾವಿರದ ಒಂದು ಭಾಗ. ಗಾತ್ರವನ್ನು ದಪ್ಪದಿಂದ ಭಾಗಿಸಿದರೆ ವಿಸ್ತೀರ್ಣ. ಮೈಕ್ರಾನನ್ನು ಮೀಟರಿಗೆ ಪರಿವರ್ತಿಸಿ ನೀವೇ ಸಾಧಿಸಿ ನೋಡಿ.

ಈಗ ಒಂದು ಟ್ಯಾಂಕಿನ ಒಳಮೈ 1,000 ಚದರ ಮೀಟರ್ ಇದೆ ಎಂದುಕೊಳ್ಳೋಣ. 160 ಮೈಕ್ರಾನಿನ ಎರಡು ಕೋಟ್ ಬಳಿದು ಒಟ್ಟು 320 ಮೈಕ್ರಾನ್ ಪಡೆಯಬೇಕು. ಬಣ್ಣದ ಗಟ್ಟಿ ಅಂಶ ಶೇ. 80.

ಪ್ರತಿ ಕೋಟಿನ ಹಸಿ ದಪ್ಪ: 160 × 100 ÷ 80 = 200 ಮೈಕ್ರಾನ್.
ಒಂದು ಲೀಟರಿಗೆ ವಿಸ್ತೀರ್ಣ: 80 × 10 ÷ 160 = 5 ಚದರ ಮೀಟರ್.
ಒಂದು ಕೋಟಿಗೆ 200 ಲೀಟರ್, ಎರಡು ಕೋಟಿಗೆ 400 ಲೀಟರ್.

ಇದು ಕಾಗದದ ಮೇಲಿನ ಲೆಕ್ಕ. ಸ್ಪ್ರೇ ಮಾಡುವಾಗ ಗಾಳಿಗೆ ಹಾರುವುದು, ಪೈಪಿನಲ್ಲಿ ಉಳಿಯುವುದು ಎಲ್ಲ ಸೇರಿ ಶೇ. 30 ನಷ್ಟ ಎಂದಿಟ್ಟುಕೊಂಡರೆ 400 ÷ 0.7, ಅಂದರೆ ಸುಮಾರು 571 ಲೀಟರ್ ತರಿಸಬೇಕು.

ಈಗ ಇದೇ ಲೆಕ್ಕದಲ್ಲಿ ಒಂದು ಸಣ್ಣ ಬದಲಾವಣೆ ಮಾಡೋಣ. ಬಣ್ಣ ಗಟ್ಟಿಯಾಯಿತೆಂದು ಪೇಂಟರ್ 100 ಲೀಟರಿಗೆ 10 ಲೀಟರ್ ಥಿನ್ನರ್ ಬೆರೆಸಿದರು. ಗಟ್ಟಿ ಅಂಶ ಮೊದಲು ಇದ್ದಷ್ಟೇ, 80 ಲೀಟರ್. ಆದರೆ ಒಟ್ಟು ಗಾತ್ರ 110 ಲೀಟರ್ ಆಯಿತು. ಹಾಗಾಗಿ ಗಟ್ಟಿ ಅಂಶ ಶೇ. 72.7ಕ್ಕೆ ಇಳಿಯಿತು. ಅವರು ಮೊದಲಿನಂತೆಯೇ 200 ಮೈಕ್ರಾನ್ ಹಸಿ ದಪ್ಪ ಬಳಿದರೂ ಒಣಗಿದ ಮೇಲೆ ಉಳಿಯುವುದು ಸುಮಾರು 145 ಮೈಕ್ರಾನ್. ಎರಡು ಕೋಟ್ ಸೇರಿದರೆ ಸುಮಾರು 291. ಹಸಿ ಬಣ್ಣವನ್ನು ಅಳೆದಾಗ ಎಲ್ಲವೂ ಸರಿ ಎಂದು ಕಂಡಿತು. ಒಣ ಬಣ್ಣವನ್ನು ಅಳೆದಾಗ ಇಡೀ ಟ್ಯಾಂಕ್ ಅನುತ್ತೀರ್ಣ! ಥಿನ್ನರ್ ಎಷ್ಟು ಬೆರೆಸಿದ್ದೇವೆ ಎಂಬುದನ್ನು ಬರೆದಿಡುವುದು ಏಕೆ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಅಳೆಯುವುದು ಹೇಗೆ?

ಹಸಿ ಬಣ್ಣವನ್ನು ಅಳೆಯಲು ಬಾಚಣಿಗೆಯಂಥ ಒಂದು ಲೋಹದ ಪಟ್ಟಿ ಸಾಕು. ಅದರ ಹಲ್ಲುಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ. ಹಸಿ ಬಣ್ಣಕ್ಕೆ ನೇರವಾಗಿ ಒತ್ತಿ ತೆಗೆದಾಗ ಬಣ್ಣ ತಾಗಿದ ಕೊನೆಯ ಹಲ್ಲಿಗೂ ತಾಗದ ಮುಂದಿನ ಹಲ್ಲಿಗೂ ನಡುವೆ ಹಸಿ ದಪ್ಪ ಇರುತ್ತದೆ. ಬಳಿಯುತ್ತಿರುವಾಗಲೇ ತಿದ್ದಿಕೊಳ್ಳಲು ಇದು ಪೇಂಟರಿಗೆ ಸಹಾಯ.

ಒಣ ಬಣ್ಣವನ್ನು ಅಳೆಯುವ ಉಪಕರಣಗಳಲ್ಲಿ ನಿಮ್ಮ ಭೌತಶಾಸ್ತ್ರದ ಪಾಠಗಳೇ ಇವೆ.

ಅತ್ಯಂತ ಸರಳವಾದದ್ದು ಆಯಸ್ಕಾಂತದ ಗೇಜ್. ಆಯಸ್ಕಾಂತವನ್ನು ಬಣ್ಣದ ಮೇಲಿಟ್ಟರೆ ಕೆಳಗಿನ ಉಕ್ಕು ಅದನ್ನು ಸೆಳೆಯುತ್ತದೆ. ಬಣ್ಣ ದಪ್ಪವಾದಷ್ಟೂ ಸೆಳೆತ ಕಡಿಮೆ. ಆಯಸ್ಕಾಂತವನ್ನು ಕಿತ್ತು ತೆಗೆಯಲು ಸ್ಪ್ರಿಂಗಿಗೆ ಎಷ್ಟು ಬಲ ಬೇಕಾಯಿತು ಎಂಬುದರಿಂದ ದಪ್ಪ ತಿಳಿಯುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಎಲೆಕ್ಟ್ರಾನಿಕ್ ಗೇಜ್. ಉಕ್ಕಿನ ಮೇಲೆ ಅದು ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವದಿಂದ ಕೆಲಸ ಮಾಡುತ್ತದೆ. ಮೊನೆಯಲ್ಲಿರುವ ಸುರುಳಿಯ ಕಾಂತೀಯ ಅಭಿವಾಹ ಉಕ್ಕು ಹತ್ತಿರವಿದ್ದರೆ ಹೆಚ್ಚುತ್ತದೆ, ದೂರವಿದ್ದರೆ ತಗ್ಗುತ್ತದೆ. ನಡುವಿನ ದೂರವೇ ಬಣ್ಣದ ದಪ್ಪ. ಅಲ್ಯೂಮಿನಿಯಂ ಮೇಲೆ ಈ ವಿಧಾನ ನಡೆಯದು, ಏಕೆಂದರೆ ಅದು ಫೆರೋಕಾಂತೀಯ ವಸ್ತುವಲ್ಲ. ಅಲ್ಲಿ ಹೆಚ್ಚಿನ ಆವೃತ್ತಿಯ ಪರ್ಯಾಯ ವಿದ್ಯುತ್ತಿನಿಂದ ಲೋಹದಲ್ಲಿ ಸುಳಿ ಪ್ರವಾಹಗಳನ್ನು ಉಂಟುಮಾಡಿ ಅವುಗಳ ಪರಿಣಾಮವನ್ನು ಅಳೆಯುತ್ತಾರೆ. ಕಾಂಕ್ರೀಟಿನಂಥ ಲೋಹವಲ್ಲದ ವಸ್ತುಗಳ ಮೇಲಿನ ಲೇಪನಕ್ಕೆ ಶ್ರವಣಾತೀತ ಧ್ವನಿ ತರಂಗಗಳ ಪ್ರತಿಫಲನವನ್ನು ಬಳಸುತ್ತಾರೆ.

ಹಳೆಯ ಕಾರು ಕೊಳ್ಳುವವರೂ ಈಗ ಇದೇ ಗೇಜನ್ನು ಬಳಸುತ್ತಾರೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು ಇರುತ್ತದೆ. ಬಾಗಿಲಿನ ಒಂದು ಕಡೆ ಮಾತ್ರ ಗೇಜ್ ಅದರ ಹಲವು ಪಟ್ಟು ತೋರಿಸಿದರೆ ಅಲ್ಲಿ ಪುಟ್ಟಿ ತುಂಬಿ ಮತ್ತೆ ಬಣ್ಣ ಬಳಿದಿದ್ದಾರೆ, ಗಾಡಿ ಎಲ್ಲೋ ಗುದ್ದಿದೆ ಎಂದು ಊಹಿಸಬಹುದು.

ಯಾವ ಗೇಜ್ ಆದರೂ ಕೆಲಸ ಶುರುಮಾಡುವ ಮೊದಲು ದಪ್ಪ ಗೊತ್ತಿರುವ ಪ್ಲಾಸ್ಟಿಕ್ ಹಾಳೆಗಳನ್ನು ಇಟ್ಟು ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ತಕ್ಕಡಿಯೇ ತಪ್ಪಾದರೆ ತೂಕ ಸರಿಯಾಗುವುದು ಹೇಗೆ?

ಸರಾಸರಿಯನ್ನು ನಂಬಬಹುದೇ?

ಒಂದು ಟ್ಯಾಂಕಿನಲ್ಲಿ ಹತ್ತು ಕಡೆ ಅಳೆದಾಗ ಸಿಕ್ಕಿದ ದಪ್ಪಗಳು ಹೀಗಿವೆ ಎನ್ನೋಣ: 460, 450, 440, 430, 420, 410, 400, 390, 200, 180.

ಮೊತ್ತ 3,780. ಸರಾಸರಿ 378 ಮೈಕ್ರಾನ್. ಬೇಕಾದದ್ದು 320. ಸರಾಸರಿಯನ್ನಷ್ಟೇ ನೋಡಿದರೆ ಕೆಲಸ ಅತ್ಯುತ್ತಮ. ಆದರೆ ಕೊನೆಯ ಎರಡು ಬಿಂದುಗಳು 288ಕ್ಕಿಂತ ಎಷ್ಟೋ ಕೆಳಗಿವೆ. ತುಕ್ಕು ಶುರುವಾಗುವುದು ಅಲ್ಲೇ. ಉಳಿದ ಎಂಟು ಕಡೆ ಹೆಚ್ಚಾಗಿರುವ ಬಣ್ಣ ಆ ಎರಡು ಜಾಗಗಳಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ. 90/10 ನಿಯಮದ ಪ್ರಕಾರ ಈ ಟ್ಯಾಂಕ್ ತೇರ್ಗಡೆಯಾಗುವುದಿಲ್ಲ.

ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯ ಜೊತೆಗೆ ಹರವನ್ನೂ ನೋಡಬೇಕು ಎಂದು ಕಲಿಸುವುದು ಇದಕ್ಕೇ. ಅಳೆಯುವ ಜಾಗಗಳ ಆಯ್ಕೆಯೂ ಅಷ್ಟೇ ಮುಖ್ಯ. ಕೈಗೆ ಸುಲಭವಾಗಿ ಸಿಗುವ ಸಮತಟ್ಟಾದ ಜಾಗದಲ್ಲಷ್ಟೇ ಅಳೆದರೆ ಅಂಕಿಗಳು ಚೆನ್ನಾಗಿಯೇ ಬರುತ್ತವೆ. ಏಣಿ ಹತ್ತಿ, ಬಗ್ಗಿ, ಟಾರ್ಚ್ ಹಿಡಿದು ಮೂಲೆಯನ್ನು, ಅಂಚಿನ ಪಕ್ಕವನ್ನು ಅಳೆಯುವವರ ವರದಿ ಮಾತ್ರ ನಿಜವಾದ ವರದಿ.

ಅಳತೆ ಒಂದು ಅಮಾನತ್

ಮೇಲಿನ ಲೆಕ್ಕಕ್ಕೆ ಮತ್ತೊಮ್ಮೆ ಬನ್ನಿ. 320ರ ಬದಲು 288 ಮೈಕ್ರಾನ್ ಬಳಿದರೆ 1,000 ಚದರ ಮೀಟರಿಗೆ 400 ಲೀಟರಿನ ಬದಲು 360 ಲೀಟರ್ ಸಾಕು. ಗುತ್ತಿಗೆದಾರನಿಗೆ 40 ಲೀಟರ್ ಉಳಿತಾಯ, ಕೆಲಸದ ಸಮಯವೂ ಕಡಿಮೆ. ಆ ಕೊರತೆಯನ್ನು ಹಡಗು ಕೊಂಡವರು ನೋಡಲಾರರು, ಅದರಲ್ಲಿ ದುಡಿಯುವ ನಾವಿಕರು ನೋಡಲಾರರು. ಅಳೆಯದೆಯೇ ಕುಳಿತಲ್ಲಿ ಅಂಕಿ ಬರೆದರೂ ಅಂದು ಯಾರಿಗೂ ತಿಳಿಯದು. ಮೋಸಕ್ಕೆ ಇಷ್ಟು ಸುಲಭವಾದ ಜಾಗ ಎಂಜಿನಿಯರಿಂಗ್‌ನಲ್ಲಿ ಕಡಿಮೆ.

ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯದ ಹೆಸರು 'ಅಲ್ ಮುತಫ್ಫಿಫೀನ್'. ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರು ಎಂದು ಅದರ ಅರ್ಥ. ಪ್ರವಾದಿ ಶುಐಬ್(ಅ)ರು ಮದ್‌ಯನಿನ ಜನರಿಗೆ ಮಾಡಿದ ಉಪದೇಶದಲ್ಲೂ ಅಳತೆ-ತೂಕವನ್ನು ಪೂರ್ಣವಾಗಿ ಕೊಡಬೇಕೆಂಬುದು ಮುಖ್ಯ ಮಾತು. ಅಂದಿನ ಸಂತೆಯಲ್ಲಿ ಅದು ಧಾನ್ಯದ ಅಳತೆಯಾಗಿತ್ತು. ಇಂದಿನ ಕಾರ್ಖಾನೆಯಲ್ಲಿ ಅದು ಮೈಕ್ರಾನ್ ಆಗಿರಬಹುದು, ಸಿಮೆಂಟಿನ ಪ್ರಮಾಣ ಆಗಿರಬಹುದು, ವೆಲ್ಡಿಂಗ್‌ನ ಆಳ ಆಗಿರಬಹುದು. ಯಾವ ಧರ್ಮದವರಿಗಾದರೂ ಈ ಮಾತು ಹೊಸದಲ್ಲ: ನೋಡಲಾರದವನಿಗೂ ಪೂರ್ತಿ ಅಳೆದು ಕೊಡುವುದೇ ಪ್ರಾಮಾಣಿಕತೆ. ಲ್ಯಾಬಿನಲ್ಲಿ ಪ್ರಯೋಗ ಮಾಡದೆ ರೆಕಾರ್ಡಿನಲ್ಲಿ ಅಂಕಿ ಬರೆಯುವ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಾಲೇಜಿನಲ್ಲಿ ಹೋಗುವುದು ಎರಡು ಅಂಕ. ಹಡಗಿನಲ್ಲಿ ಹೋಗುವುದು ಜೀವ.

ಸುರಕ್ಷತೆಯೂ ಇದರ ಭಾಗ

ಬಣ್ಣ ಬಳಿಯುವವರ ಆರೋಗ್ಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮುಚ್ಚಿದ ಟ್ಯಾಂಕಿನೊಳಗೆ ದ್ರಾವಕದ ಆವಿ ತುಂಬಿಕೊಂಡರೆ ಉಸಿರಾಟಕ್ಕೂ ಅಪಾಯ, ಬೆಂಕಿಗೂ ಅಪಾಯ. ಗಾಳಿ ಆಡುವ ವ್ಯವಸ್ಥೆ, ಸರಿಯಾದ ಮಾಸ್ಕ್, ಕಿಡಿ ಹಾರದ ದೀಪ, ಹೊರಗೆ ಕಾವಲಿಗೆ ಒಬ್ಬರು ಇಲ್ಲದೆ ಒಳಗೆ ಇಳಿಯಬಾರದು. ಬೇಕಾದ್ದಕ್ಕಿಂತ ದಪ್ಪವಾಗಿ ಬಳಿದರೆ ಆವಿ ಹೆಚ್ಚು ಹೊತ್ತು ಬರುತ್ತಲೇ ಇರುತ್ತದೆ ಎಂಬುದನ್ನೂ ನೆನಪಿಡಬೇಕು.

ಮುಂದೆ ಕಲಿಯಬೇಕೆನ್ನುವವರಿಗೆ

ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಗಲ್ಫ್ ದೇಶಗಳ ಹಡಗುಕಟ್ಟೆ, ತೈಲ ಘಟಕ, ಪೈಪ್‌ಲೈನ್ ಕೆಲಸಗಳಲ್ಲಿದ್ದಾರೆ. ಅಲ್ಲಿ ಕೋಟಿಂಗ್ ಇನ್‌ಸ್ಪೆಕ್ಟರ್ ಎಂಬ ಹುದ್ದೆಯೇ ಪ್ರತ್ಯೇಕವಾಗಿದೆ. ನೇಸ್ ಮತ್ತು ಎಸ್‌ಎಸ್‌ಪಿಸಿ ಎಂಬ ಎರಡು ಸಂಸ್ಥೆಗಳು 2021ರಲ್ಲಿ ಒಂದಾಗಿ ಆ್ಯಂಪ್ ಎಂಬ ಸಂಸ್ಥೆಯಾಯಿತು. ಅದು ನಡೆಸುವ ಇನ್‌ಸ್ಪೆಕ್ಟರ್ ಪರೀಕ್ಷೆಗಳಿಗೆ ಹಲವು ದೇಶಗಳಲ್ಲಿ ಮನ್ನಣೆಯಿದೆ. ನಾರ್ವೆಯ ಫ್ರೋಸಿಯೊ ಕೂಡ ಹಾಗೆಯೇ. ಪಿಯುಸಿ ವಿಜ್ಞಾನದ ಬುನಾದಿ ಚೆನ್ನಾಗಿದ್ದು, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಕೆಲಸದ ಅನುಭವ ಪಡೆದವರಿಗೆ ಇದೊಂದು ಒಳ್ಳೆಯ ದಾರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಒಂದು ಬಣ್ಣದ ಗಟ್ಟಿ ಅಂಶ ಶೇ. 50. ಒಣ ದಪ್ಪ 75 ಮೈಕ್ರಾನ್ ಬೇಕಾದರೆ ಹಸಿಯಾಗಿ ಎಷ್ಟು ದಪ್ಪ ಬಳಿಯಬೇಕು?

2. ಗಟ್ಟಿ ಅಂಶ ಶೇ. 70 ಇರುವ ಬಣ್ಣವನ್ನು 350 ಚದರ ಮೀಟರಿಗೆ 140 ಮೈಕ್ರಾನ್ ಒಣ ದಪ್ಪದಲ್ಲಿ ಬಳಿಯಬೇಕು. ಶೇ. 30 ನಷ್ಟ ಎಂದಿಟ್ಟುಕೊಂಡರೆ ಎಷ್ಟು ಲೀಟರ್ ಬೇಕು?

3. ನಿಗದಿತ ದಪ್ಪ 200 ಮೈಕ್ರಾನ್. ಅಳೆದಾಗ ಸಿಕ್ಕಿದ್ದು: 230, 210, 205, 220, 215, 208, 240, 202, 225, 185. 90/10 ನಿಯಮದ ಪ್ರಕಾರ ಇದು ತೇರ್ಗಡೆಯೇ?

4. ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟಿನ ಮೇಲಿನ ಬಣ್ಣವನ್ನು ಆಯಸ್ಕಾಂತದ ಗೇಜಿನಿಂದ ಏಕೆ ಅಳೆಯಲಾಗದು?

ಉತ್ತರಗಳು: (1) 150 ಮೈಕ್ರಾನ್. (2) ಲೀಟರಿಗೆ 5 ಚದರ ಮೀಟರ್. ನಷ್ಟವಿಲ್ಲದೆ 70 ಲೀಟರ್, ನಷ್ಟ ಸೇರಿ 100 ಲೀಟರ್. (3) ತೇರ್ಗಡೆ. ಹತ್ತರಲ್ಲಿ ಒಂದು ಮಾತ್ರ 200ಕ್ಕಿಂತ ಕೆಳಗಿದೆ, ಅದೂ 180ಕ್ಕಿಂತ ಮೇಲಿದೆ. (4) ಅಲ್ಯೂಮಿನಿಯಂ ಆಯಸ್ಕಾಂತವನ್ನು ಉಕ್ಕಿನಂತೆ ಸೆಳೆಯುವುದಿಲ್ಲ; ಸುಳಿ ಪ್ರವಾಹದ ಗೇಜ್ ಬಳಸಬೇಕು.